‘ಏನು ಬೇಕಿತ್ತು ಸರ್?’: ಇಂಗ್ಲಿಷಿನ ಕುಡ್, ವುಡ್, ಮೈಟ್ ಒಳಗಿರುವ ದಾಕ್ಷಿಣ್ಯ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ನಮ್ಮಲ್ಲಿ ಬಹಳ ಜನ ಬಾಯಿಬಿಟ್ಟು ಆಡಿದ ಮೊದಲ ಇಂಗ್ಲಿಷ್ ವಾಕ್ಯ ಒಂದೇ. ತರಗತಿಯ ಬಾಗಿಲಲ್ಲಿ ನಿಂತು, ಚೀಲ ಸರಿ ಮಾಡಿಕೊಂಡು, ‘ಮೇ ಐ ಕಮಿನ್ ಮಿಸ್?’ ಅದರಲ್ಲಿ ಎಷ್ಟು ಪದ ಇವೆ ಅಂತಲೂ ಆಗ ಗೊತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಹೇಳುವ ಮಂತ್ರ ಅದು. ಆ ಮಂತ್ರದ ಮೊದಲ ಪದ ‘ಮೇ’. ಇವತ್ತಿನ ಮಾತು ಆ ಪುಟ್ಟ ಪದದ ಬಗ್ಗೆ, ಅದರ ಒಡಹುಟ್ಟಿದವರ ಬಗ್ಗೆ: ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶಲ್, ಶುಡ್, ಮಸ್ಟ್. ವ್ಯಾಕರಣದಲ್ಲಿ ಇವನ್ನು ಮೋಡಲ್ ವರ್ಬ್ ಅಂತಾರೆ. ಒಟ್ಟು ಒಂಬತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ, ಆದರೆ ಇವು ಮಾಡುವ ಅಸಲಿ ಕೆಲಸವನ್ನು ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಈ ವಿಷಯ ಎತ್ತಿಕೊಳ್ಳಲು ಕಾರಣ ನನ್ನ ಪರಿಚಯದ ಒಬ್ಬ ಹುಡುಗಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಗ್ರಾಹಕರು ಇಂಗ್ಲೆಂಡಿನವರು. ಕೆಲಸದಲ್ಲಿ ಗಟ್ಟಿಗಿತ್ತಿ. ಒಂದು ದಿನ ಆ ಕಡೆಯವರಿಗೆ ಮೇಲ್ ಬರೆದಳು: ‘ಯು ಶುಡ್ ಸೆಂಡ್ ದ ಫೈಲ್ಸ್ ಟುಡೇ.’ ಅವಳ ಲೆಕ್ಕದಲ್ಲಿ ಇದು ಮರ್ಯಾದೆಯ ಮಾತೇ. ‘ಮಸ್ಟ್’ ಅಂದರೆ ಗಟ್ಟಿ, ‘ಶುಡ್’ ಅಂದರೆ ಮೆದು ಅಂತ ಕಲಿತಿದ್ದಳು. ಎರಡು ದಿನಕ್ಕೆ ಮ್ಯಾನೇಜರ್ ಕರೆದು ಹೇಳಿದರಂತೆ, ‘ನಿನ್ನ ಭಾಷೆ ಸ್ವಲ್ಪ ಒರಟು ಅಂತ ಆ ಕಡೆಯಿಂದ ದೂರು ಬಂದಿದೆ.’

ಅದೇ ತಿಂಗಳು ಅದೇ ಗ್ರಾಹಕರು ಅವಳಿಗೆ ಬರೆದರು: ‘ಯು ಮೈಟ್ ವಾಂಟ್ ಟು ಹ್ಯಾವ್ ಅನದರ್ ಲುಕ್ ಅಟ್ ದಿಸ್.’ ಮೈಟ್ ಅಂದರೆ ‘ಇರಬಹುದು’, ಹಾಗಾಗಿ ಇದು ಬೇಕಿದ್ದರೆ ಮಾಡುವ ಕೆಲಸ ಅಂದುಕೊಂಡು ಬಿಟ್ಟಳು. ಅವರ ಪ್ರಕಾರ ಅದು ‘ಇದು ತಪ್ಪಾಗಿದೆ, ಸರಿ ಮಾಡಿ’ ಅನ್ನುವ ಸೂಚನೆ. ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಎರಡೂ ಸೇರಿಕೊಂಡವು: ಮಾತು ಒರಟು, ಹೇಳಿದ್ದನ್ನು ಕೇಳುವುದಿಲ್ಲ. ಅವಳು ಎರಡೂ ಅಲ್ಲ. ಒಂಬತ್ತು ಪುಟ್ಟ ಪದಗಳಲ್ಲಿ ಎರಡರ ತೂಕ ತಪ್ಪಿತ್ತು, ಅಷ್ಟೇ.

ಅಂಗಡಿಯವರಿಗೆ ಗೊತ್ತಿರುವ ವ್ಯಾಕರಣ

ಮೊದಲು ಒಂದು ಪ್ರಶ್ನೆ. ಕುಡ್ ಅನ್ನುವುದು ಕ್ಯಾನ್‌ನ ಭೂತಕಾಲ, ವುಡ್ ವಿಲ್‌ನ ಭೂತಕಾಲ, ಮೈಟ್ ಮೇ ಅನ್ನುವುದರ ಭೂತಕಾಲ ಅಂತ ಓದಿದ್ದೇವೆ. ಹಾಗಿದ್ದರೆ ‘ಕುಡ್ ಯು ಓಪನ್ ದ ಡೋರ್?’ ಅಂತ ಈಗ, ಈ ಕ್ಷಣ ಯಾಕೆ ಕೇಳುತ್ತಾರೆ? ಬಾಗಿಲು ತೆಗೆಯಬೇಕಾಗಿರುವುದು ನಿನ್ನೆ ಅಲ್ಲವಲ್ಲ.

ಉತ್ತರ ನಮ್ಮ ಬೀದಿಯ ಅಂಗಡಿಯಲ್ಲೇ ಇದೆ. ನೀವು ಒಳಗೆ ಹೋದ ಕೂಡಲೇ ಅಂಗಡಿಯವರು ಏನು ಕೇಳುತ್ತಾರೆ? ‘ಏನು ಬೇಕಿತ್ತು ಸರ್?’ ‘ಏನು ಬೇಕು?’ ಅಂತಲೂ ಕೇಳಬಹುದು, ತಪ್ಪೇನಿಲ್ಲ. ಆದರೆ ಅದರಲ್ಲಿ ಸ್ವಲ್ಪ ಮುಖಕ್ಕೆ ಹೊಡೆದ ಹಾಗಿರುತ್ತದೆ. ಮನೆಗೆ ಅಪರಿಚಿತರು ಬಂದಾಗ ನಾವೂ ಅಷ್ಟೇ: ‘ಯಾರು ಬೇಕಾಗಿತ್ತು?’ ಹಿರಿಯರ ಹತ್ತಿರ ಹೋದಾಗ, ‘ಒಂದು ವಿಷಯ ಕೇಳಬೇಕಿತ್ತು.’ ಕೇಳಬೇಕಾಗಿರುವುದು ಈಗಲೇ, ಆದರೆ ಕ್ರಿಯಾಪದ ಮಾತ್ರ ಭೂತಕಾಲದಲ್ಲಿದೆ.

ಅಂದರೆ ಇಲ್ಲಿ ಭೂತಕಾಲ ಕಾಲವನ್ನು ಹೇಳುತ್ತಿಲ್ಲ, ದೂರವನ್ನು ಹೇಳುತ್ತಿದೆ. ನನ್ನ ಬೇಡಿಕೆಯನ್ನು ನಿಮ್ಮ ಮೂಗಿನ ಎದುರು ಹಿಡಿಯದೆ ಒಂದು ಹೆಜ್ಜೆ ಹಿಂದೆ ಇಟ್ಟಿದ್ದೇನೆ, ಬೇಡ ಅನ್ನಲು ನಿಮಗೆ ಜಾಗ ಬಿಟ್ಟಿದ್ದೇನೆ ಅಂತ ಅರ್ಥ. ಇಂಗ್ಲಿಷಿನ ಕುಡ್, ವುಡ್, ಮೈಟ್ ಮಾಡುವುದೂ ಇದನ್ನೇ. ‘ವುಡ್ ಯು ಹೆಲ್ಪ್ ಮಿ?’ ಅಂದಾಗ ಅದರೊಳಗೆ ಹೇಳದೇ ಉಳಿದ ಒಂದು ‘ರೆ’ ಇದೆ: ಒಂದು ವೇಳೆ ನಾನು ಕೇಳಿದರೆ, ನಿಮಗೆ ತೊಂದರೆ ಇಲ್ಲದಿದ್ದರೆ. ‘ಐ ವಾಂಟೆಡ್ ಟು ಆಸ್ಕ್’, ‘ಐ ವಾಸ್ ವಂಡರಿಂಗ್’ ಅನ್ನುವ ಮಾತುಗಳಲ್ಲೂ ಅದೇ ಭೂತಕಾಲ, ಅದೇ ದೂರ. ‘ಕೇಳಬೇಕಿತ್ತು’ ಅನ್ನುವುದಕ್ಕೆ ‘ಐ ವಾಂಟೆಡ್ ಟು ಆಸ್ಕ್’ ಹೆಚ್ಚು ಕಡಿಮೆ ಅವಳಿ.

ಇನ್ನೊಂದು ಅವಳಿಯೂ ಇದೆ. ‘ನೀವು ಮೊದಲೇ ಹೇಳಬಹುದಿತ್ತು’ ಅಂದರೆ ನಮ್ಮಲ್ಲಿ ಅದು ಸಾಧ್ಯತೆಯ ಮಾತಲ್ಲ, ಆಕ್ಷೇಪಣೆ. ‘ಯು ಕುಡ್ ಹ್ಯಾವ್ ಟೋಲ್ಡ್ ಮಿ’ ಅಂತ ಇಂಗ್ಲಿಷಿನವರು ಅಂದರೂ ಅದೇ ಮುನಿಸು.

ಪದಗಳ ಹುಟ್ಟು

ಈ ಪದಗಳು ಮೊದಲು ಏನಾಗಿದ್ದವು ಅಂತ ತಿಳಿದರೆ ಇವತ್ತಿನ ತೂಕ ಬೇಗ ಹಿಡಿತಕ್ಕೆ ಸಿಗುತ್ತದೆ.

ವಿಲ್ ಅನ್ನುವುದು ಹಳೆಯ ಇಂಗ್ಲಿಷಿನಲ್ಲಿ ‘ಬಯಸು’ ಅನ್ನುವ ಅರ್ಥದ ಪೂರ್ಣ ಕ್ರಿಯಾಪದ. ಹಾಗಾಗಿ ‘ವುಡ್ ಯು’ ಅಂತ ಕೇಳುವಾಗ ಎದುರಿನವರ ಮನಸ್ಸನ್ನು ಕೇಳುತ್ತಿದ್ದೇವೆ. ಕ್ಯಾನ್ ಅನ್ನುವುದರ ಮೂಲ ಅರ್ಥ ‘ತಿಳಿದಿರು’. ಇದು ನಮಗೆ ವಿಚಿತ್ರ ಅನಿಸಬಾರದು. ಕನ್ನಡದ ‘ಬಲ್ಲ’ ಕೂಡ ಹಾಗೇ: ‘ಅವನನ್ನು ನಾನು ಬಲ್ಲೆ’ ಅಂದರೆ ತಿಳಿದಿದೆ, ‘ಮಾಡಬಲ್ಲೆ’ ಅಂದರೆ ಶಕ್ತಿ ಇದೆ. ಎರಡು ಬೇರೆ ಬೇರೆ ಕುಟುಂಬದ ಭಾಷೆಗಳು, ಒಂದೇ ದಾರಿ. ಅಂದ ಹಾಗೆ, ಇಂಗ್ಲಿಷಿನಲ್ಲಿ ಕುಡ್ ಬರೆಯುವಾಗ ನಡುವೆ ಉಚ್ಚಾರವಿಲ್ಲದ ಒಂದು ‘ಎಲ್’ ಅಕ್ಷರ ಬರುತ್ತದಲ್ಲ, ಅದು ಹುಟ್ಟಿನಿಂದ ಬಂದದ್ದಲ್ಲ. ವುಡ್, ಶುಡ್‌ಗಳಲ್ಲಿ ಇದೆ ಅಂತ ನೋಡಿ ಆಮೇಲೆ ಸೇರಿಸಿಕೊಂಡದ್ದು.

ಶಲ್ ಅನ್ನುವುದರ ಮೂಲ ಅರ್ಥ ‘ಸಾಲಗಾರನಾಗಿರು’. ಶುಡ್ ಅದರದೇ ಕೂಸು. ‘ಯು ಶುಡ್’ ಅಂದಾಗ ಅದರ ತಳದಲ್ಲಿ ಋಣದ ವಾಸನೆ ಇನ್ನೂ ಇದೆ: ನೀನು ಮಾಡಬೇಕಾದದ್ದು ಬಾಕಿ ಇದೆ, ನ್ಯಾಯವಾಗಿ ಮಾಡಬೇಕು. ಹಾಗಾಗಿ ಅದು ಗೆಳೆಯರಿಗೆ ಸಲಹೆ ಕೊಡಲು ಸರಿ. ‘ಯು ಶುಡ್ ಸೀ ಅ ಡಾಕ್ಟರ್’ ಅಂದರೆ ಕಾಳಜಿ. ಆದರೆ ನನ್ನ ಕೆಲಸ ಮಾಡಿಕೊಡಿ ಅಂತ ಕೇಳುವಾಗ ‘ಯು ಶುಡ್’ ಅಂದರೆ, ‘ನಿಮ್ಮ ಕರ್ತವ್ಯ ಏನು ಅಂತ ನಾನು ನೆನಪಿಸಬೇಕಾ?’ ಅಂದ ಹಾಗೆ ಕೇಳಿಸುತ್ತದೆ. ನಮ್ಮ ಹುಡುಗಿಯ ಮೊದಲ ಮೇಲ್ ಎಡವಿದ್ದು ಇಲ್ಲಿ. ಶುಡ್ ಅನ್ನುವುದು ಮಸ್ಟ್‌ಗಿಂತ ಮೆದು, ನಿಜ. ಆದರೆ ಅದು ಮೆದುವಾದ ಕಟ್ಟಳೆ, ಬಿನ್ನಹ ಅಲ್ಲ.

ಪ್ಲೀಸ್ ಯಾಕೆ ಸಾಲುವುದಿಲ್ಲ

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಬಾ, ಬನ್ನಿ. ಕೊಡು, ಕೊಡಿ. ಧಾರವಾಡದ ಕಡೆ ‘ಕೊಡ್ರಿ’ ಅಂದರೆ ಮುಗಿಯಿತು, ಬೇರೆ ಅಲಂಕಾರ ಬೇಡ. ‘ನೀವು’ ಇದೆ, ‘ತಾವು’ ಇದೆ. ‘ಫೈಲ್ ಕಳಿಸಿ’ ಅಂತ ಬರೆದರೆ ಆಜ್ಞೆಯ ರೂಪವೇ ಆದರೂ ಅದರಲ್ಲಿ ಗೌರವ ಸೇರಿಕೊಂಡಿದೆ.

ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ ‘ದೌ’ ಅಂದರೆ ನೀನು, ‘ಯು’ ಅಂದರೆ ನೀವು ಅಂತ ಎರಡಿತ್ತು. ಆಮೇಲೆ ‘ದೌ’ ದಿನಬಳಕೆಯ ಭಾಷೆಯಿಂದ ಜಾರಿಹೋಯಿತು. ಇವತ್ತು ರಾಜನಿಗೂ ‘ಯು’, ನಾಯಿಮರಿಗೂ ‘ಯು’. ಹಾಗಾಗಿ ‘ಸೆಂಡ್ ಮಿ ದ ಫೈಲ್’ ಅಂದರೆ ಬರಿಯ ಆಜ್ಞೆ. ಅದರ ಮುಂದೆ ಪ್ಲೀಸ್ ಅಂಟಿಸಿದರೆ ‘ಪ್ಲೀಸ್’ ಇರುವ ಆಜ್ಞೆ, ಅಷ್ಟೇ. ಸಂಬಂಧದ ಅಂತರ ಅಳೆಯಲು ಇಂಗ್ಲಿಷಿಗೆ ಸರ್ವನಾಮ ಉಳಿದಿಲ್ಲ. ಆ ಕೆಲಸದ ದೊಡ್ಡ ಪಾಲು ಮೋಡಲ್‌ಗಳ ಹೆಗಲ ಮೇಲಿದೆ.

ಒಂದೇ ಬೇಡಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟು ನೋಡೋಣ. ‘ಕ್ಯಾನ್ ಯು ಸೆಂಡ್ ಮಿ ದ ಫೈಲ್?’ ಪಕ್ಕದ ಟೇಬಲ್ಲಿನವರಿಗೆ ಸಾಕು. ‘ಕುಡ್ ಯು ಸೆಂಡ್ ಮಿ ದ ಫೈಲ್?’ ಯಾರಿಗಾದರೂ ಸರಿ, ಎಲ್ಲಿಯೂ ತಪ್ಪಾಗುವುದಿಲ್ಲ. ‘ವುಡ್ ಯು ಮೈಂಡ್ ಸೆಂಡಿಂಗ್ ಮಿ ದ ಫೈಲ್?’ ಅಂದರೆ ನಮ್ಮ ‘ಬೇಜಾರಿಲ್ಲ ಅಂದ್ರೆ ಕಳಿಸ್ತೀರಾ?’ ಇನ್ನೂ ಮೇಲೆ ಹೋದರೆ ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಸೆಂಡ್ ಮಿ ದ ಫೈಲ್’. ಇದು ನಿಜಕ್ಕೂ ತೊಂದರೆ ಕೊಡುವ ಕೆಲಸಕ್ಕೆ, ಹೊಸಬರಿಗೆ.

ಉದ್ದವಾದಷ್ಟೂ ವಿನಯ ಹೆಚ್ಚು ಅಂತ ಮಾತ್ರ ತಿಳಿಯಬೇಡಿ. ಮನೆಯವರ ಹತ್ತಿರ, ‘ದಯವಿಟ್ಟು ತಾವು ಉಪ್ಪಿನ ಡಬ್ಬಿ ಈ ಕಡೆ ಕೊಡುವ ಕೃಪೆ ಮಾಡಬಹುದಾ?’ ಅಂದರೆ ಏನರ್ಥ? ಜಗಳ ಶುರುವಾಗಿದೆ ಅಂತ. ಇಂಗ್ಲಿಷಿನಲ್ಲೂ ಹಾಗೇ. ಸಣ್ಣ ಕೆಲಸಕ್ಕೆ ದೊಡ್ಡ ವಿನಯ ತಂದರೆ ಅದು ವ್ಯಂಗ್ಯವಾಗುತ್ತದೆ.

‘ವುಡ್ ಯು ಮೈಂಡ್’ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ ಒಪ್ಪಿಗೆಯ ಉತ್ತರ ‘ಯೆಸ್’ ಅಲ್ಲ, ‘ನೋ, ನಾಟ್ ಅಟ್ ಆಲ್’. ‘ಬೇಜಾರಾ?’ ಅಂದರೆ ‘ಇಲ್ಲ ಇಲ್ಲ, ಹೇಳಿ’ ಅಂತೀವಲ್ಲ, ಹಾಗೆ. ಬರಿಯ ‘ಯೆಸ್’ ಅಂದರೆ ‘ಹೌದು, ಬೇಜಾರು’ ಅಂದ ಹಾಗಾಗುತ್ತದೆ.

ಇನ್ನೊಂದು ಸೂಕ್ಷ್ಮ. ‘ಕುಡ್ ಐ ಬಾರೋ ಯುವರ್ ಪೆನ್?’ ಅಂತ ಕೇಳಿದರೆ ಉತ್ತರ ‘ಯೆಸ್, ಯು ಕುಡ್’ ಅಲ್ಲ, ‘ಆಫ್ ಕೋರ್ಸ್ ಯು ಕ್ಯಾನ್’. ಕೇಳುವವರಿಗೆ ಸಂಕೋಚ ಬೇಕು. ಕೊಡುವವರಿಗೆ ಸಂಕೋಚ ಇದ್ದರೆ ಕೊಡಲು ಮನಸ್ಸಿಲ್ಲ ಅಂತಾಗುತ್ತದೆ. ಮತ್ತೆ ಶಾಲೆಯ ‘ಮೇ’ ಇದೆಯಲ್ಲ, ಕೇಳುವಾಗ ಅದು ಬಹಳ ವಿನಯ. ‘ಯು ಮೇ ಗೋ’ ಅಂತ ತಿರುಗಿ ಹೇಳಿದರೆ ಮಾತ್ರ ನೀವೇ ಮೇಷ್ಟ್ರಾಗಿಬಿಡುತ್ತೀರಿ.

ಮುಖ ಅನ್ನುವ ಲೆಕ್ಕ

ಭಾಷಾವಿಜ್ಞಾನದಲ್ಲಿ ಇದಕ್ಕೊಂದು ಹೆಸರಾಂತ ಸಿದ್ಧಾಂತ ಇದೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅನ್ನುವವರದ್ದು; 1978ರಲ್ಲಿ ಮೊದಲು ಪ್ರಕಟವಾಗಿ 1987ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಬಂತು. ಅವರು ಆಧಾರವಾಗಿ ಇಟ್ಟುಕೊಂಡದ್ದು ಮುಖ್ಯವಾಗಿ ಮೂರು ಭಾಷೆ: ಇಂಗ್ಲಿಷ್, ಮೆಕ್ಸಿಕೋದ ಟ್ಸೆಲ್ಟಾಲ್, ಮತ್ತೆ ನಮ್ಮ ಪಕ್ಕದ ಮನೆಯ ತಮಿಳು.

ಅವರ ಕೇಂದ್ರ ಪದ ‘ಮುಖ’. ಮುಖ ಉಳಿಸಿಕೊಳ್ಳುವುದು, ಮುಖಭಂಗ ಅಂತೀವಲ್ಲ, ಅದೇ ಮುಖ. ಪ್ರತಿಯೊಬ್ಬರಿಗೂ ಎರಡು ಆಸೆ ಇರುತ್ತದೆ: ಜನ ನನ್ನನ್ನು ಮೆಚ್ಚಬೇಕು, ಮತ್ತೆ ಯಾರೂ ನನ್ನ ಮೇಲೆ ಹೇರಬಾರದು. ಯಾವ ಬೇಡಿಕೆಯೇ ಆಗಲಿ ಎರಡನೆಯ ಆಸೆಗೆ ಸ್ವಲ್ಪ ಪೆಟ್ಟು ಕೊಡುತ್ತದೆ. ಆ ಪೆಟ್ಟಿಗೆ ಎಷ್ಟು ಹತ್ತಿ ಸುತ್ತಬೇಕು ಅನ್ನುವುದು ಮೂರು ಸಂಗತಿ ಮೇಲೆ ನಿಂತಿದೆ: ನಮ್ಮಿಬ್ಬರ ನಡುವೆ ಪರಿಚಯ ಎಷ್ಟು, ಅಧಿಕಾರ ಯಾರ ಕೈಯಲ್ಲಿದೆ, ಕೇಳುತ್ತಿರುವ ಕೆಲಸ ಎಷ್ಟು ಭಾರ. ಈ ಸಿದ್ಧಾಂತ ಎಲ್ಲ ಸಮಾಜಕ್ಕೂ ಹೊಂದುವುದಿಲ್ಲ ಅಂತ ಟೀಕೆಗಳೂ ಬಂದಿವೆ. ಆದರೆ ಇಂಗ್ಲಿಷ್ ಮೋಡಲ್ ಬಳಸುವಾಗ ಈ ಮೂರು ಪ್ರಶ್ನೆ ಒಳ್ಳೆಯ ಅಳತೆಗೋಲು.

ಜೆಫ್ರಿ ಲೀಚ್ ಅನ್ನುವ ವಿದ್ವಾಂಸರು 1983ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಮಾತು ಸೇರಿಸಿದರು. ಲಾಭ ಯಾರಿಗೆ ಅಂತ ನೋಡಿ. ಕೇಳುಗರಿಗೇ ಲಾಭ ಅಂದರೆ ಗಟ್ಟಿ ಮಾತೇ ವಿನಯ. ‘ಯು ಮಸ್ಟ್ ಕಮ್ ಫಾರ್ ಡಿನ್ನರ್’ ಅಂತ ಇಂಗ್ಲಿಷಿನವರು ಕರೆದರೆ ಯಾರಿಗೂ ಬೇಸರ ಆಗುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಲೇಬೇಕು’ ಅಂತ ಬಡಿಸುವವರು ಹಟ ಮಾಡುತ್ತಾರಲ್ಲ, ಅಲ್ಲಿ ‘ನೀವು ಬಯಸಿದಲ್ಲಿ ಹೋಳಿಗೆ ಹಾಕಬಹುದೇ?’ ಅಂದರೆ ನಾವು ಎದ್ದು ಹೋಗುತ್ತೇವೆ.

ಆಸೆ ಹೇಳುವುದು, ಬೇಡ ಅನ್ನುವುದು

ವಿನಯದ ಜೊತೆ ಮೋಡಲ್‌ಗಳು ಮಾಡುವ ಇನ್ನೊಂದು ಕೆಲಸ, ಆಸೆಯನ್ನು ಅಳುಕಿನಿಂದ ಹೇಳುವುದು. ‘ಐ ವಾಂಟ್ ಲೀವ್’ ಅಂದರೆ ಮಗು ಹಟ ಹಿಡಿದ ಹಾಗೆ. ‘ಐ ವುಡ್ ಲೈಕ್ ಟು ಟೇಕ್ ಲೀವ್’ ಅಂದರೆ ‘ರಜೆ ಬೇಕಿತ್ತು’. ‘ಐ ವುಡ್ ರಾದರ್ ನಾಟ್’ ಅಂದರೆ ‘ಬೇಡ ಅನಿಸುತ್ತೆ’. ಮೇಲ್ನೋಟಕ್ಕೆ ಮೆದು, ಒಳಗೆ ಪೂರಾ ನಿರಾಕರಣೆ.

ಇಲ್ಲಿ ಮೋಸ ಹೋಗುವುದು ಸುಲಭ. ‘ಐ ವುಡ್ ಲವ್ ಟು ಕಮ್’ ಅಂದ ತಕ್ಷಣ ಎಲೆ ಹಾಕಬೇಡಿ. ಹಿಂದೆಯೇ ಒಂದು ‘ಬಟ್’ ಬರುತ್ತದಾ ಅಂತ ಕಾಯಿರಿ. ‘ಐ ವಿಶ್ ಐ ಕುಡ್’ ಅಂದರೆ ಆಗುವುದಿಲ್ಲ ಅಂತಲೇ ಅರ್ಥ. ನಮಗೆ ಇದು ಹೊಸದಲ್ಲ. ‘ನೋಡೋಣ’, ‘ಬರೋಕೆ ಪ್ರಯತ್ನ ಮಾಡ್ತೀನಿ’ ಅನ್ನುವುದನ್ನು ಕೇಳಿ ಯಾವ ಗೃಹಿಣಿಯೂ ಅಕ್ಕಿ ಹೆಚ್ಚಿಗೆ ಹಾಕುವುದಿಲ್ಲ.

ಭಾರತದ ಇಂಗ್ಲಿಷಿನಲ್ಲಿ ಒಂದು ಅಭ್ಯಾಸ ಇದೆ. ವಿಲ್ ಬರಬೇಕಾದ ಕಡೆ ವುಡ್ ಹಾಕುವುದು. ‘ದ ಮೀಟಿಂಗ್ ವುಡ್ ಬಿ ಹೆಲ್ಡ್ ಆನ್ ಮಂಡೇ.’ ನಮಗೆ ಇದು ಗಾಂಭೀರ್ಯ. ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಓದುವವರಿಗೆ, ‘ಸೋಮವಾರ ಸಭೆ ನಡೆಯುತ್ತಿತ್ತೇನೋ, ಒಂದು ವೇಳೆ...’ ಅಂತ ಕೇಳಿಸುತ್ತದೆ. ನಿಶ್ಚಯವಾದ ಸಂಗತಿಗೆ ವಿಲ್ ಸಾಕು. ವುಡ್ ಅನ್ನು ಬೇಡಿಕೆಗೆ, ಆಸೆಗೆ ಉಳಿಸಿಕೊಳ್ಳಿ.

ಮತ್ತೆ ‘ಯು ಹ್ಯಾಡ್ ಬೆಟರ್’. ಇದು ಒಂಬತ್ತರ ಪಟ್ಟಿಗೆ ಸೇರಿದ್ದಲ್ಲ, ಆದರೆ ಕೆಲಸ ಅದೇ. ಬೆಟರ್ ಅಂತ ಇದೆಯಲ್ಲ, ಒಳ್ಳೆಯ ಸಲಹೆ ಇರಬೇಕು ಅಂತ ಮೇಲಿನವರಿಗೆ ಬರೆದುಬಿಟ್ಟೀರಿ. ಅದು ಎಚ್ಚರಿಕೆ. ‘ಮಾಡದಿದ್ದರೆ ನೋಡು’ ಅನ್ನುವ ಬಾಲ ಅದಕ್ಕಿದೆ.

ವಿನಯ ಬದಿಗಿಡಬೇಕಾದ ಜಾಗ

ಎಲ್ಲ ಕಡೆಯೂ ಮೆದು ಮಾತು ಒಳ್ಳೆಯದಲ್ಲ. 1990ರ ಜನವರಿ 25. ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಹೊರಟಿದ್ದ ಆವಿಯಾಂಕಾ 52 ವಿಮಾನ ಕೆಟ್ಟ ಹವಾಮಾನದಿಂದಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಬೇಕಾಯಿತು. ಇಂಧನ ಮುಗಿಯುತ್ತಾ ಬಂತು. ವಿಮಾನದವರು ಆದ್ಯತೆ ಕೇಳಿದರು, ಇಂಧನ ಕಡಿಮೆ ಇದೆ ಅಂದರು. ಆದರೆ ನಿಯಂತ್ರಕರ ಹತ್ತಿರ ‘ಎಮರ್ಜೆನ್ಸಿ’ ಅನ್ನುವ ಪದವನ್ನು ಬಳಸಲಿಲ್ಲ. ಕೊನೆಗೆ ಎಂಜಿನ್‌ಗಳು ನಿಂತು ವಿಮಾನ ಲಾಂಗ್ ಐಲ್ಯಾಂಡಿನಲ್ಲಿ ಬಿತ್ತು. ಅದರಲ್ಲಿದ್ದ 158 ಜನರಲ್ಲಿ 73 ಜನ ತೀರಿಕೊಂಡರು. ತುರ್ತುಸ್ಥಿತಿಯನ್ನು ಸರಿಯಾಗಿ ತಿಳಿಸದಿದ್ದುದೂ ಒಂದು ಕಾರಣ ಅಂತ ತನಿಖೆ ಹೇಳಿತು. ಅಲ್ಲಿ ಎಡವಿದ್ದು ಮೋಡಲ್ ವರ್ಬ್ ಅಂತ ನಾನು ಹೇಳುತ್ತಿಲ್ಲ. ಆದರೆ ಹೇಳಬೇಕಾದದ್ದನ್ನು ಪೂರ್ತಿ ಬಾಯಿಬಿಟ್ಟು ಹೇಳದಿದ್ದರೆ ಬೆಲೆ ಎಷ್ಟಾಗಬಹುದು ಅನ್ನುವುದಕ್ಕೆ ಅದು ಸಾಕ್ಷಿ.

ಇದೇ ಕಾರಣಕ್ಕೆ ತಾಂತ್ರಿಕ ಜಗತ್ತು ಈ ಪದಗಳಿಗೆ ತನ್ನದೇ ಅಳತೆ ಗೊತ್ತುಮಾಡಿಕೊಂಡಿದೆ. ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವವರಿಗಾಗಿ 1997ರ ಮಾರ್ಚಿನಲ್ಲಿ ಸ್ಕಾಟ್ ಬ್ರಾಡ್ನರ್ ಅವರು ಆರ್‌ಎಫ್‌ಸಿ 2119 ಅನ್ನುವ ಪುಟ್ಟ ದಾಖಲೆ ಬರೆದರು. ಅದರ ಪ್ರಕಾರ ಮಸ್ಟ್ ಅಂದರೆ ಕಡ್ಡಾಯ. ಶುಡ್ ಅಂದರೆ ಮಾಡಬೇಕು, ಬಿಡುವುದಾದರೆ ತಕ್ಕ ಕಾರಣ ಇರಬೇಕು, ಪರಿಣಾಮ ತಿಳಿದಿರಬೇಕು. ಮೇ ಅಂದರೆ ನಿಜವಾಗಿಯೂ ನಿಮ್ಮಿಷ್ಟ. ನೋಡಿ, ಅದೇ ಶುಡ್. ದಾಖಲೆಯಲ್ಲಿ ಅದೊಂದು ಖಚಿತ ಅಳತೆ, ಮೇಲ್‌ನಲ್ಲಿ ಅದೊಂದು ಗದರಿಕೆ. ಸಾಫ್ಟ್‌ವೇರ್‌ನವರು ದಿನವಿಡೀ ಮೊದಲನೆಯದನ್ನು ಓದಿ, ಸಂಜೆ ಎರಡನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಾಗಾದರೆ ಏನು ಬರೆಯಬೇಕಿತ್ತು?

ನಮ್ಮ ಹುಡುಗಿಗೆ ವಾಪಸ್ ಬರೋಣ. ‘ಯು ಶುಡ್ ಸೆಂಡ್ ದ ಫೈಲ್ಸ್ ಟುಡೇ’ ಬದಲು ‘ಕುಡ್ ಯು ಸೆಂಡ್ ದ ಫೈಲ್ಸ್ ಟುಡೇ?’ ಅಂತ ಬರೆದಿದ್ದರೆ ಸಾಕಿತ್ತು. ತುರ್ತು ಇದ್ದರೆ ತುರ್ತಿನ ಕಾರಣ ಹೇಳಬೇಕು: ಇವತ್ತು ಸಂಜೆ 5 ಗಂಟೆಗೆ ಕೆಲಸ ಶುರು ಮಾಡಬೇಕು, ಅದಕ್ಕೆ ಫೈಲ್ ಬೇಕು ಅಂತ. ಗಡುವಿನ ಗಟ್ಟಿತನ ಕಾರಣದಲ್ಲಿರಲಿ, ಕ್ರಿಯಾಪದದಲ್ಲಿ ಬೇಡ.

ಅವರಿಂದ ‘ಯು ಮೈಟ್ ವಾಂಟ್ ಟು’ ಅಂತ ಬಂದಾಗ ಮಾಡಬೇಕಾದದ್ದೂ ಒಂದೇ. ಹೇಳುತ್ತಿರುವವರು ಯಾರು ಅಂತ ನೋಡಿ. ಅವರು ಹಣ ಕೊಡುವವರಾಗಿದ್ದರೆ, ಮೇಲಧಿಕಾರಿಯಾಗಿದ್ದರೆ, ಆ ಮೈಟ್ ಅನ್ನು ‘ಮಾಡಿ’ ಅಂತಲೇ ಓದಿಕೊಳ್ಳಿ. ಅನುಮಾನ ಇದ್ದರೆ ತಿರುಗಿ ಕೇಳಿ: ‘ವುಡ್ ಯು ಲೈಕ್ ಮಿ ಟು ಚೇಂಜ್ ದಿಸ್?’ ಈ ಒಂದು ಪ್ರಶ್ನೆಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅವಳಿಗೆ ನಾನು ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ: ‘ಅವರ ಮೈಟ್ ನನಗೆ ಅರ್ಥವಾಗದಿದ್ದರೆ ನನ್ನ ತಪ್ಪು. ನನ್ನ ಶುಡ್ ಅವರಿಗೆ ಅರ್ಥವಾಗದಿದ್ದರೂ ನನ್ನದೇ ತಪ್ಪಾ?’ ನಿಜ, ಇದು ಪೂರಾ ನ್ಯಾಯದ ಲೆಕ್ಕ ಅಲ್ಲ. ಎರಡನೆಯ ಭಾಷೆಯಲ್ಲಿ ಕೆಲಸ ಮಾಡುವವರ ವ್ಯಾಕರಣದ ತಪ್ಪನ್ನು ಜನ ಕ್ಷಮಿಸುತ್ತಾರೆ, ‘ಪಾಪ, ಇಂಗ್ಲಿಷ್ ಅಷ್ಟಾಗಿ ಬರಲ್ಲ’ ಅಂತ. ಆದರೆ ಮೋಡಲ್ ತಪ್ಪಿದರೆ ಅದು ಭಾಷೆಯ ತಪ್ಪು ಅಂತ ಕಾಣುವುದೇ ಇಲ್ಲ, ಸ್ವಭಾವದ ತಪ್ಪು ಅಂತ ಕಾಣುತ್ತದೆ. ಹಾಗಾಗಿ ಈ ಸಂಚಿಕೆ ತಂಡ ನಡೆಸುವವರಿಗೂ ಸೇರಿದ್ದು. ಯಾರದೋ ಮೇಲ್ ಒರಟು ಅನಿಸಿದರೆ, ಅವರ ಮನಸ್ಸನ್ನು ಅಳೆಯುವ ಮೊದಲು ಅವರ ಮೋಡಲ್ ವರ್ಬ್ ಒಮ್ಮೆ ನೋಡಿ.

ಇನ್ನು ಇಂಗ್ಲಿಷ್ ಕಲಿಯುತ್ತಿರುವವರು ಹೆದರಬೇಕಾಗಿಲ್ಲ. ‘ಬೇಕು’ ಮತ್ತು ‘ಬೇಕಿತ್ತು’ ನಡುವಿನ ವ್ಯತ್ಯಾಸ ನಿಮಗೆ ಚಿಕ್ಕಂದಿನಿಂದ ಗೊತ್ತು. ಅಂಗಡಿಗೆ ಹೋಗಿ ಒಂದು ಕೆಜಿ ಸಕ್ಕರೆ ತರುವಾಗ ಬಳಸಿದ ವ್ಯಾಕರಣವೇ ಅದು.

ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.